‘ನೀನು ಯಾರ ಮಗಳು?’ ಎಂದು ಕೇಳಲು ಅಪ್ಪಣೆ ಕೊಡಿ

ವಿಶ್ವವಿದ್ಯಾಲಯದ ಮಾನ್ಯ ನಿಯಮಪಾಲನಾಧಿಕಾರಿಗಳೇ,

ನೀವು ನನ್ನಿಂದ ಒಬ್ಬ ಗೆಳೆಯನನ್ನು ಕಿತ್ತುಕೊಂಡಿರಿ. ಬದಲಿಗೆ ಒಬ್ಬ ಅಣ್ಣನನ್ನು ಕೊಟ್ಟಿರಿ. ಆಮೇಲೆ ಆ ಅಣ್ಣನೂ ಕೈಗೆ ಸಿಗದ ಹಾಗೆ ಮಾಡಿದಿರಿ. ಇಷ್ಟೆಲ್ಲ ಮಾಡಿದ್ದು ನಿಮಗೆ ಗೊತ್ತೇ ಇಲ್ಲ ಎಂಬುದೇ ನನ್ನ ದೂರಿನ ಮುಖ್ಯ ಭಾಗ. ನಿಮ್ಮ ಕಚೇರಿಗೇ ಬಂದು ಹೇಳೋಣವೆಂದು ಎರಡು ಸಲ ಮೆಟ್ಟಿಲ ತನಕ ಬಂದು ತಿರುಗಿ ಹೋದೆ. ನಾನು ಹಾಸ್ಟೆಲಿನಲ್ಲಿ ಬೆಳೆದವಳು. ಕಚೇರಿಯ ಬಾಗಿಲು ಕಂಡರೆ ಏನೋ ತಪ್ಪು ಮಾಡಿರಬೇಕು ಅನ್ನಿಸಿಬಿಡುತ್ತದೆ. ಹಾಗಾಗಿ ವಿದ್ಯಾರ್ಥಿಗಳ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ನಿಮಗೆ ತಲುಪದಿದ್ದರೂ ಯಾರಿಗಾದರೂ ತಲುಪೀತು. ಬೇರೆಯವರ ಹೆಸರು ಬದಲಿಸಿದ್ದೇನೆ. ನನ್ನದು ಬದಲಿಸಿಲ್ಲ. ಅದನ್ನು ಸರಿಯಾಗಿ ಉಚ್ಚರಿಸುವವರೇ ಇಲ್ಲಿ ಇಲ್ಲವಾದ್ದರಿಂದ ಅಪಾಯವೂ ಇಲ್ಲ.

ಮೊದಲಿಂದ ಹೇಳುತ್ತೇನೆ. ಕಳೆದ ವಸಂತದಲ್ಲಿ, ಶಾಲೆಯ ಕೊನೆಯ ವರ್ಷದಲ್ಲಿದ್ದ ನಮ್ಮನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಬಂದು ನಿಮ್ಮ ವಿಶ್ವವಿದ್ಯಾಲಯ ತೋರಿಸಿದರು. ಗ್ರಂಥಾಲಯ, ಈಜುಕೊಳ, ಫುಟ್‌ಬಾಲ್ ಮೈದಾನ. ನಮ್ಮ ಇಡೀ ಊರಿನ ಜನ, ಕುರಿ, ನಾಯಿ ಎಲ್ಲ ಕೂತರೂ ಆ ಮೈದಾನದ ಒಂದು ಮೂಲೆ ತುಂಬಲಾರದು. ನಾನು ನಮ್ಮ ಬಸ್ಸು ನಿಂತ ಕಡೆಗೇ ತಿರುಗಿ ತಿರುಗಿ ನೋಡುತ್ತಿದ್ದೆ. ಕೊನೆಗೆ ವಿದ್ಯಾರ್ಥಿ ಭವನದ ಮೂರನೇ ಮಹಡಿಯ ಮೂಲೆಗೆ ಕರೆದೊಯ್ದರು. ಬಾಗಿಲ ಮೇಲೆ ‘ಮೂಲನಿವಾಸಿ ವಿದ್ಯಾರ್ಥಿಗಳ ಕೇಂದ್ರ’ ಎಂದಿತ್ತು. ಒಳಗೆ ಹರಿದ ಸೋಫಾ, ಒಂದು ಕರೆಂಟಿನ ಒಲೆ, ಅದರ ಮೇಲೆ ಕುದಿಯುತ್ತಿದ್ದ ಕುರಿಮಾಂಸದ ಸಾರು. ಆ ವಾಸನೆಗೆ ಬಸ್ಸಿನ ನೆನಪೇ ಹೋಯಿತು. ಐವತ್ತು ದಾಟಿದ ಹೆಂಗಸೊಬ್ಬಳು ಸೌಟು ಹಿಡಿದುಕೊಂಡೇ ಎದುರಿಗೆ ಬಂದಳು. ಅವಳು ಅರ್ನೆಸ್ಟೀನ್, ಆ ಕೇಂದ್ರ ನೋಡಿಕೊಳ್ಳುತ್ತಿದ್ದವಳು. ನನ್ನ ಅಂಕ ಎಷ್ಟೆಂದು ಕೇಳಲಿಲ್ಲ, ಯಾವ ವಿಷಯ ಓದುತ್ತೀ ಎಂದೂ ಕೇಳಲಿಲ್ಲ.

“ಯಾರ ಮಗಳೇ ನೀನು?” ಅಂದಳು.

ಅಮೆರಿಕದ ಸರ್ಕಾರ ನಮ್ಮನ್ನು ನವಾಹೋ ಎನ್ನುತ್ತದೆ; ನಾವು ದಿನೆ ಎಂದುಕೊಳ್ಳುತ್ತೇವೆ. ನಮ್ಮಲ್ಲಿ ಈ ಪ್ರಶ್ನೆಗೆ ಅಪ್ಪ ಅಮ್ಮನ ಹೆಸರು ಹೇಳಿದರೆ ಸಾಲದು. ಬೆಡಗು, ಅಂದರೆ ಕುಲದ ಕವಲು, ಹೇಳಬೇಕು. ಮೊದಲು ತಾಯಿಯ ಬೆಡಗು, ಅದೇ ನಮ್ಮದೂ. ಆಮೇಲೆ ಅಪ್ಪನದು. ಆಮೇಲೆ ಇಬ್ಬರು ಅಜ್ಜಂದಿರದು. ನನ್ನದು ಅರ್ಧ ಇಂಗ್ಲಿಷಿನ ಬಾಯಿ. ತಡವರಿಸುತ್ತ ಶುರುಮಾಡಿದೆ: “ಅಮ್ಮ ಕಹಿನೀರಿನವರು, ಅಪ್ಪ ಉಪ್ಪಿನವರು...”

“ತಡಿ ತಡಿ. ಕಹಿನೀರಾ? ನಮ್ಮಪ್ಪ ಕಹಿನೀರಿನೋರು! ಅಂದ್ರೆ ನೀನು ನಂಗೆ ಸೋದರತ್ತೆ ಆಗ್ಬೇಕಲ್ಲೇ!” ಸೋಫಾದಲ್ಲಿ ಬಿದ್ದುಕೊಂಡಿದ್ದ ಹುಡುಗರ ಕಡೆ ತಿರುಗಿ, “ಏಳ್ರೋ ಮೇಲೆ! ನಮ್ಮತ್ತೆ ಬಂದವ್ಳೆ, ಜಾಗ ಬಿಡಿ. ಅತ್ತೆ, ಸಾರಿಗೆ ಉಪ್ಪು ಸಾಕಾ ನೋಡಿ, ಆಮೇಲೆ ಸೊಸೆ ಸರಿಯಿಲ್ಲ ಅನ್ಬೇಡಿ!”

ಹದಿನೇಳರ ನಾನು ಐವತ್ತು ದಾಟಿದವಳಿಗೆ ಅತ್ತೆಯಾಗಿ ಆ ಹರಿದ ಸೋಫಾದಲ್ಲಿ ಕೂತು ಸಾರು ಕುಡಿದೆ. ಆರು ವರ್ಷದವಳಿದ್ದಾಗಿನಿಂದ ನಾನು ಇದ್ದದ್ದು ಹಾಸ್ಟೆಲಿನಲ್ಲಿ; ಅಲ್ಲಿ ಮೇಟ್ರನ್ ನನ್ನನ್ನು ಕರೆಯುತ್ತಿದ್ದದ್ದು ಮಂಚದ ನಂಬರಿನಿಂದ. ಅಂಥವಳು ಕಾಣದ ಊರಿಗೆ ಬಂದು, ಕೂತ ಜಾಗದಲ್ಲೇ ಯಾರಿಗೋ ಅತ್ತೆಯಾಗುವುದೆಂದರೆ ಏನೆಂದು ನಿಮಗೆ ಹೇಗೆ ಹೇಳಲಿ? ಬೇರೆ ವಿಶ್ವವಿದ್ಯಾಲಯಗಳಿಂದಲೂ ನನಗೆ ಕರೆ ಬಂದಿತ್ತು. ನಾನು ಇಲ್ಲಿಗೆ ಬಂದದ್ದು ಆ ಸಾರಿಗಾಗಿ.

ಬೇಸಿಗೆಯಲ್ಲಿ ರಾಜ್ಯದ ಹೊಸ ಕಾಯ್ದೆ ಜಾರಿಗೆ ಬಂತು. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಯಾವುದೇ ಒಂದು ಜನಕ್ಕೆಂದು ಕಚೇರಿ, ಕೋಣೆ, ಸಿಬ್ಬಂದಿ ಇರಬಾರದು ಎಂದು. ವೈವಿಧ್ಯ ಎಂಬ ಪದವನ್ನು ಬಾಗಿಲುಗಳಿಂದ ಕೆರೆದು ತೆಗೆಯುವ ಪುಣ್ಯಕಾರ್ಯ ನಿಮ್ಮ ಪಾಲಿಗೆ ಬಂತು. ಆಗಸ್ಟಿನಲ್ಲಿ ನಾನು ಪೆಟ್ಟಿಗೆ ಎಳೆದುಕೊಂಡು ಸೀದಾ ಮೂರನೇ ಮಹಡಿಗೆ ಓಡಿದರೆ ಬಾಗಿಲ ಮೇಲೆ ‘ಎಲ್ಲರ ಯಶಸ್ಸಿನ ಕೇಂದ್ರ’ ಎಂದಿತ್ತು. ಹಳೆಯ ಅಕ್ಷರ ಕೆರೆದ ಗುರುತು ಕೆಳಗೆ ಇನ್ನೂ ಕಾಣುತ್ತಿತ್ತು. ಸೋಫಾ ಇಲ್ಲ. ಒಲೆ ಇಲ್ಲ. ಒಲೆಯಿದ್ದ ಜಾಗದಲ್ಲಿ ತನ್ನಷ್ಟಕ್ಕೆ ತಾನೇ ಬೆನ್ನು ನೀವುವ ಕರೆಂಟಿನ ಕುರ್ಚಿ. ಗೋಡೆಯ ಮೇಲೆ ‘ದಯವಿಟ್ಟು ಮೌನ’. ಮಾನ್ಯರೇ, ಒಂದು ವಿಷಯಕ್ಕೆ ನಿಮ್ಮನ್ನು ಮೆಚ್ಚಲೇಬೇಕು. ಬೆನ್ನು ನೀವಲು ಮನುಷ್ಯರು ಸಿಗದವರಿಗೆ ಇಂಥದೊಂದು ಕುರ್ಚಿ ಬೇಕಾಗುತ್ತದೆ ಎಂದು ನಿಮಗೆ ಮೊದಲೇ ಹೇಗೆ ಹೊಳೆಯಿತು?

ಅರ್ನೆಸ್ಟೀನಳನ್ನು ವಾಹನ ನಿಲುಗಡೆ ವಿಭಾಗಕ್ಕೆ ಹಾಕಿದ್ದರು. ಅವಳು ಈಗ ದಪ್ಪ ಗಾಜಿನ ಹಿಂದೆ ಕೂತು ದಂಡ ಕಟ್ಟಿಸಿಕೊಳ್ಳುತ್ತಾಳೆ. ನಾನು ಗಾಜಿನ ಮುಂದೆ ನಿಂತಾಗ ಅತ್ತಿತ್ತ ನೋಡಿ, ಸಣ್ಣ ದನಿಯಲ್ಲಿ “ಅತ್ತೆ” ಅಂದಳು. ಆಮೇಲೆ ಜೋರಾಗಿ, “ಗಾಡಿ ನಂಬರ್ ಹೇಳಿ” ಅಂದಳು. ನನ್ನ ಹತ್ತಿರ ಗಾಡಿಯೇ ಇರಲಿಲ್ಲ.

ಅವಳೂ ಹಳೆಯ ವ್ಯವಸ್ಥೆಯನ್ನು ಹೊಗಳುವವಳಲ್ಲ. “ಆ ವೈವಿಧ್ಯದ ಪೋಸ್ಟರು, ಭಾಷಣ, ನಮ್ಮ ಮಕ್ಕಳಿಗೆ ಗರಿ ಕಟ್ಟಿ ಫೋಟೋ ಹೊಡೆಯೋದು, ಅದೆಲ್ಲ ಹೋದ್ರೆ ಹಾಳಾಗ್ ಹೋಗ್ಲಿ. ಒಲೆ ಏನು ಮಾಡಿತ್ತು ಇವ್ರಿಗೆ?” ಅಂದಳು. ಈ ಪ್ರಶ್ನೆಯನ್ನು ನಿಮಗೇ ದಾಟಿಸುತ್ತಿದ್ದೇನೆ.

ನಿಮ್ಮ ಪರವಾಗಿ ವಾದ ಮಾಡುವವಳೂ ನನ್ನ ಕೋಣೆಯಲ್ಲೇ ಇದ್ದಾಳೆ. ಕ್ಯಾಸಿಡಿ, ಉತ್ತರದ ಒಂದು ದನ ಸಾಕುವ ಊರಿನವಳು, ಬಿಳಿಯ ಹುಡುಗಿ. ಅವರ ಮನೆಯಿಂದಲೂ ಕಾಲೇಜಿನ ಮೆಟ್ಟಿಲು ಹತ್ತಿದವಳು ಅವಳೇ ಮೊದಲು.

“ನಿಮಗೊಂದು ರೂಮಿತ್ತಂತೆ. ನಂಗ್ಯಾರೇ ಕೊಟ್ರು ರೂಮು?” ಅಂದಳು ಒಂದು ದಿನ.

“ನೀನೂ ಬರಬಹುದಿತ್ತು. ಬಾಗ್ಲು ತೆಗ್ದೇ ಇರ್ತಿತ್ತು.”

“ಬಾಗ್ಲು ಮೇಲೆ ನಮ್ಮೋರ ಹೆಸ್ರಿರ್ಲಿಲ್ವಲ್ಲ. ಒಳಗೆ ಬಂದ್ರೆ ಎಲ್ರೂ ತಿರುಗಿ ನೋಡ್ತಿರ್ಲಿಲ್ವಾ?”

ನೋಡುತ್ತಿದ್ದರು. ಆಮೇಲೆ ಸಾರು ಕೊಡುತ್ತಿದ್ದರು. ಆದರೂ ಅವಳ ಮಾತಿನಲ್ಲಿ ನಿಜವಿದೆ, ಅದನ್ನು ಸುಳ್ಳೆನ್ನುವುದಿಲ್ಲ. ನಾನು ಕೇಳಿದೆ: “ಈಗ ಎಲ್ಲರ ಕೇಂದ್ರ ಅಂತ ಇದ್ಯಲ್ಲ, ನೀನು ಹೋಗಿದ್ಯಾ?”

“ಆ ಕುರ್ಚಿಗಾ? ಒಂದ್ಸಲ ಹೋಗಿದ್ದೆ.” ಅವಳು ಬೂಟಿನ ದಾರ ಬಿಚ್ಚತೊಡಗಿದಳು. “ಅಲ್ಲಿ ಯಾರೂ ಮಾತಾಡಲ್ಲ ಕಣೇ.”

ನೋಡಿ, ನನ್ನ ಕೋಣೆ ಕಿತ್ತುಕೊಂಡು ಕ್ಯಾಸಿಡಿಗಾದರೂ ಕೊಟ್ಟಿದ್ದರೆ ನಾನು ಜಗಳವಾಡಿ ಸುಮ್ಮನಾಗುತ್ತಿದ್ದೆ. ಅವಳಿಗೂ ಕೊಡಲಿಲ್ಲ. ಈಗ ನಮ್ಮಿಬ್ಬರಿಗೂ ಸಮಾನವಾಗಿ ಏನೂ ಇಲ್ಲ. ನಿಮ್ಮ ಸಮಾನತೆ ಅಂದರೆ ಇದೇನಾ?

ಟೆರಿಲ್ ಬಿಟ್ಸೂಯಿಯ ವಿಷಯಕ್ಕೆ ಬರುತ್ತೇನೆ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯದೆ ಹೋದರೆ ಈ ಪತ್ರಕ್ಕೆ ಅರ್ಥವಿಲ್ಲ. ಹೊಸಬರಿಗೆಲ್ಲ ಒಬ್ಬೊಬ್ಬ ಹಿರಿಯ ವಿದ್ಯಾರ್ಥಿಯನ್ನು ಮಾರ್ಗದರ್ಶಿಯಾಗಿ ಕೊಡುತ್ತೀರಲ್ಲ, ನನಗೆ ಸಿಕ್ಕವನು ಅವನು. ಎರಡನೇ ವರ್ಷ, ಯಂತ್ರಶಾಸ್ತ್ರ. ಎದೆಯ ಮೇಲಿನ ಚೀಟಿಯಲ್ಲಿ ಬರೀ ‘ಟೆರಿಲ್’. ಗ್ರಂಥಾಲಯ ಎಲ್ಲಿ ಎಂದು ಕೇಳಿದೆ. ಅವನು ಕೈ ಎತ್ತಲಿಲ್ಲ. ತುಟಿ ಮುಂದೆ ಮಾಡಿ ಆ ದಿಕ್ಕು ತೋರಿಸಿದ. ನಮ್ಮ ಜನ ಹಾಗೇ ದಾರಿ ತೋರಿಸುವುದು, ಬೆರಳು ಮಾಡುವುದು ಮರ್ಯಾದೆಯಲ್ಲ. ನನಗೆ ಅಳು, ನಗು ಒಟ್ಟಿಗೇ ಬಂತು. ನಾನೂ ತುಟಿ ಮುಂದೆ ಮಾಡಿ, “ಆ ಕಡೆನಾ?” ಅಂದೆ. ಅವನು ನಕ್ಕುಬಿಟ್ಟ.

ಆವತ್ತೇ ಕೇಳಬೇಕಿತ್ತು. ಇಬ್ಬರು ದಿನೆಗಳು ಎದುರಾದರೆ ಹೆಸರಿಗಿಂತ ಮೊದಲು ಕೇಳುವ ಮಾತು ಅದು. ಯಾಕೆ ಕೇಳಲಿಲ್ಲ? ಅವನಿಗೆ ನೀವು ತರಬೇತಿ ಕೊಟ್ಟಿದ್ದಿರಿ. ಸಂಬಳ ಪಡೆಯುವ ಮಾರ್ಗದರ್ಶಿಗಳು ವಿದ್ಯಾರ್ಥಿಯ ಕುಲ, ಬುಡಕಟ್ಟು, ಮೂಲ, ಮನೆತನದ ಬಗ್ಗೆ ಮಾತೆತ್ತಬಾರದು, ಎತ್ತಿದರೆ ಕೆಲಸ ಹೋಗುತ್ತದೆ ಎಂದು ನಿಮ್ಮ ಸುತ್ತೋಲೆ. ಕಾಯ್ದೆಯಲ್ಲಿ ಹಾಗೆ ಎಲ್ಲೂ ಇಲ್ಲ. ನಾನು ಕೂತು ಓದಿದ್ದೇನೆ. ಬೈಸಿಕೊಳ್ಳುವ ಭಯಕ್ಕೆ ನೀವು ಕಾಯ್ದೆಗಿಂತ ನಾಲ್ಕು ಹೆಜ್ಜೆ ಮುಂದೆ ಓಡಿದಿರಿ. ಆ ಭಯ ನನಗೆ ಚೆನ್ನಾಗಿ ಅರ್ಥವಾಗುತ್ತದೆ, ನಾನು ಅದರಲ್ಲೇ ಬೆಳೆದವಳು. ಇನ್ನು ನಾನು? ಅವನು ಕೇಳಲಿಲ್ಲವಲ್ಲ, ಪಟ್ಟಣದಲ್ಲಿ ಬೆಳೆದ ಹುಡುಗ, ಅವನಿಗೆ ಇದೆಲ್ಲ ಇಷ್ಟವಿಲ್ಲವೇನೋ ಅಂದುಕೊಂಡೆ. ಅವನು, ಇವಳು ಹಾಸ್ಟೆಲಿನ ಹುಡುಗಿ, ಬೆಡಗು ಮರೆತಿರಬೇಕು, ಕೇಳಿದರೆ ಅವಮಾನವಾದೀತು ಅಂದುಕೊಂಡನಂತೆ. ಒಬ್ಬರಿಗೊಬ್ಬರು ಎಷ್ಟೊಂದು ಮರ್ಯಾದೆ ಕೊಟ್ಟೆವು ನೋಡಿ.

ಒಟ್ಟಿಗೆ ಊಟ ಮಾಡಿದೆವು. ಅವನು ನನಗೆ ಗಣಿತ ಹೇಳಿಕೊಟ್ಟ. ಇಲ್ಲಿಗೆ ಬಂದ ಮೇಲೆ ನನ್ನ ದನಿ ನನಗೇ ಕೇಳಿದ್ದು ಅವನೊಡನೆ ಮಾತಾಡುವಾಗ. ಗ್ರಂಥಾಲಯದಿಂದ ಹಾಸ್ಟೆಲಿನವರೆಗೆ ಕೆಲವು ಸಂಜೆ ಕೈ ಹಿಡಿದು ನಡೆದೆವು. ಅಷ್ಟೇ.

ಅಕ್ಟೋಬರಿನ ರಜೆಯಲ್ಲಿ ಅವನ ಹಳೆಯ ಪಿಕಪ್ ಗಾಡಿಯಲ್ಲಿ ನನ್ನ ಅಮ್ಮನ ತಾಯಿ, ನಮ್ಮ ಅಜ್ಜಿಯ ಮನೆಗೆ ಹೋದೆವು. ದಾರಿಯುದ್ದಕ್ಕೂ ಹಾಡು, ಕಡಲೆಬೀಜ, ನಗು. ಅಜ್ಜಿ ಕುರಿದೊಡ್ಡಿಯ ಹತ್ತಿರ ನಿಂತಿದ್ದಳು. ಅವನಿನ್ನೂ ಪೂರ್ತಿ ಕೆಳಗಿಳಿದಿರಲಿಲ್ಲ.

“ಯಾರಪ್ಪಾ ನೀನು? ಯಾರ ಮಗ?”

ಟೆರಿಲ್ ಟೋಪಿ ತೆಗೆದ. ಪಟ್ಟಣದ ಹುಡುಗ ಅಂದುಕೊಂಡಿದ್ದೆನಲ್ಲ, ನನಗಿಂತ ಸ್ಪಷ್ಟವಾಗಿ ದಿನೆ ಮಾತಿನಲ್ಲಿ ಹೇಳಿದ: “ಅಮ್ಮ ಕಹಿನೀರಿನೋರು ಅಜ್ಜಿ. ಅಪ್ಪ ಎತ್ತರದ ಮನೆಯೋರು...”

“ಕಹಿನೀರಾ! ಅಯ್ಯೋ ನನ್ನ ಮೊಮ್ಮಗನೇ! ಇಷ್ಟು ದಿನ ಯಾವ ಬೆಟ್ಟದಲ್ಲಿ ಮೇಯ್ತಿದ್ಯೋ?” ಅಜ್ಜಿ ಅವನ ಎರಡೂ ಕೈ ಹಿಡಿದುಕೊಂಡು ನನ್ನ ಕಡೆ ತಿರುಗಿದಳು. “ವರ್ಲೀ, ಅಲ್ಲಿ ಒಬ್ಳೇ ಇದೀನಿ ಅಜ್ಜಿ, ಒಬ್ಳೇ ಅಂತ ಫೋನಲ್ಲಿ ಅಳ್ತಿದ್ಯಲ್ಲೇ. ನೋಡಿದ್ರೆ ಅಣ್ಣನ್ನೇ ಕರ್ಕೊಂಡು ಬಂದಿದೀಯ!”

ನಾನು ಗಾಡಿಯ ಆ ಬದಿಯಲ್ಲಿ ಹಿಟ್ಟಿನ ಚೀಲ ತಬ್ಬಿಕೊಂಡು ನಿಂತಿದ್ದೆ. ಒಂದೇ ತಾಯಿಬೆಡಗಿನವರು ಅಣ್ಣ ತಂಗಿ. ಎಲ್ಲಿ ಹುಟ್ಟಿರಲಿ, ಮುಖವೇ ನೋಡಿರದಿರಲಿ, ಅಣ್ಣ ತಂಗಿಯೇ. ಟೆರಿಲ್ ನೆಲ ನೋಡುತ್ತಿದ್ದ. ಅಜ್ಜಿ ಅವನನ್ನು ನೋಡಿದಳು, ನನ್ನನ್ನು ನೋಡಿದಳು. ಅವಳ ನಗು ನಿಂತಿತು.

“ನೀವು ಕೇಳ್ಕೊಂಡಿರ್ಲಿಲ್ವಾ?”

ನಾನು ಹಿಟ್ಟಿನ ಚೀಲ ಕೆಳಗಿಟ್ಟೆ.

“ಮೊದಲ್ನೇ ದಿನ ಕೇಳೋ ಮಾತಲ್ವೇನ್ರೋ ಅದು? ಕೇಳ್ದೆ ಹೋದ್ರೆ ದೀಪದ ಹುಳ ಬೆಂಕಿಗೆ ಬಿದ್ದಂಗೆ ಬೀಳ್ತೀರಿ ಅಂತ ಯಾರೂ ಹೇಳಿಲ್ವಾ? ಅಷ್ಟು ದೊಡ್ಡ ಶಾಲೇಲಿ ನಿಮಗೇನು ಕಲಿಸ್ತಾರೆ?”

“ಕೇಳ್ಬಾರ್ದು ಅಂತ ಕಲಿಸ್ತಾರೆ ಅಜ್ಜಿ,” ಅಂದ ಟೆರಿಲ್.

ಅಜ್ಜಿ ಕುರಿದೊಡ್ಡಿಯ ಅಗಳಿ ಹಾಕಿ ನಮ್ಮ ಕಡೆ ತಿರುಗಿದಳು. ಅವಳೂ ಸರ್ಕಾರದ ಹಾಸ್ಟೆಲ್ ಶಾಲೆಯಲ್ಲಿ ಇದ್ದವಳು. ನಮ್ಮ ಭಾಷೆಯಲ್ಲಿ ಮಾತಾಡಿದರೆ ಬಾಯಿಗೆ ಸಾಬೂನು ಹಾಕುತ್ತಿದ್ದ ಕಾಲ ಅದು. ಅವಳು ಅಂದಳು: “ನಮ್ಮನ್ನ ಹೊಡ್ದು ಬಾಯಿ ಮುಚ್ಚಿಸ್ತಿದ್ರು. ಅದಕ್ಕೇ ನಾವು ಹಟ ಹಿಡಿದು ಕಂಬಳಿ ಒಳಗೆ ಪಿಸುಗುಟ್ಟಿಯಾದ್ರೂ ಕೇಳ್ಕೊಂಡ್ವಿ, ನೀನ್ಯಾರ ಮಗಳು, ನೀನ್ಯಾರ ಮಗಳು ಅಂತ. ನಿಮ್ಮನ್ನ ನಗ್ತಾ ನಗ್ತಾ ಬಾಯಿ ಮುಚ್ಚಿಸವ್ರೆ. ನೀವೂ ನಗ್ತಾ ಮುಚ್ಕೊಂಡಿದೀರಿ.”

ಆಮೇಲೆ ಅವಳೇ ನೀಲಿ ಮೆಕ್ಕೆಜೋಳದ ಗಂಜಿ ಬಡಿಸಿದಳು. ಅವನನ್ನು ಒಲೆಯ ಆ ಕಡೆ, ನನ್ನನ್ನು ಈ ಕಡೆ ಕೂರಿಸಿದಳು. “ಗೊತ್ತಿಲ್ದೆ ಆಗಿದ್ದು, ಬಿಡಿ. ಅಣ್ಣ ಅಂದ್ರೆ ಗೆಳೆಯನಿಗಿಂತ ಗಟ್ಟಿ. ಗೆಳೆಯ ಬಿಟ್ಟು ಹೋಗ್ತಾನೆ, ಅಣ್ಣ ಎಲ್ಲಿ ಹೋಗ್ತಾನೆ?” ಅಂದಳು.

ಅಜ್ಜಿಯ ಮಾತು ಸುಳ್ಳಾಯಿತು. ವಾಪಸ್ ಬರುವ ದಾರಿಯಲ್ಲಿ ಹಾಡಿರಲಿಲ್ಲ. ಹಾಸ್ಟೆಲಿನ ಗೇಟಿನಲ್ಲಿ ನನ್ನ ಚೀಲ ಇಳಿಸಿಕೊಟ್ಟು, ಮುಖ ನೋಡದೆ, “ಹುಷಾರು” ಅಂದ. ಮರುವಾರ ನನಗೆ ಬೇರೆ ಮಾರ್ಗದರ್ಶಿ ಬಂದಳು. ಬಹಳ ಒಳ್ಳೆಯವಳು, ನನ್ನ ಹೆಸರನ್ನು ಪ್ರತಿ ಸಲವೂ ಬೇರೆ ರೀತಿ ಕರೆಯುತ್ತಾಳೆ. ಟೆರಿಲ್ ಈಗ ಇನ್ನೊಂದು ಕ್ಯಾಂಟೀನಿನಲ್ಲಿ ಊಟ ಮಾಡುತ್ತಾನೆ. ದೂರದಲ್ಲಿ ನಾನು ಕಂಡರೆ ದಾರಿ ಬದಲಿಸುತ್ತಾನೆ. ನನಗೂ ಅವನನ್ನು ಕರೆಯಲು ಬಾಯಿ ಬರುವುದಿಲ್ಲ. ಯಾವ ಹೆಸರಿನಿಂದ ಕರೆಯಲಿ? ನಾಚಿಕೆ ಇಬ್ಬರದೂ. ತಪ್ಪು ಇಬ್ಬರದೂ ಅಲ್ಲ.

ಇಂಥದ್ದಕ್ಕೆ ನಮ್ಮಲ್ಲಿ ಮದ್ದಿಲ್ಲವೆಂದಲ್ಲ. ಹಿರಿಯರೊಬ್ಬರು ನಡುವೆ ಕೂತು, ನಾಲ್ಕು ಜನರ ಎದುರಿಗೆ ಇಬ್ಬರನ್ನೂ ಚೆನ್ನಾಗಿ ಗೇಲಿಮಾಡಿ, ಎಲ್ಲರೂ ಹೊಟ್ಟೆ ಹಿಡಿದು ನಕ್ಕು, ಕೊನೆಗೆ ಒಂದೇ ಪಾತ್ರೆಯಿಂದ ಇಬ್ಬರಿಗೂ ಬಡಿಸಿಬಿಟ್ಟರೆ ಮುಗಿಯಿತು. ಒಂದು ಸಂಜೆಯ ಕೆಲಸ. ಅದಕ್ಕೊಂದು ಒಲೆ ಬೇಕು, ಒಬ್ಬಳು ಅರ್ನೆಸ್ಟೀನ್ ಬೇಕು, ನಗಬಹುದಾದ ಒಂದು ಕೋಣೆ ಬೇಕು. ‘ದಯವಿಟ್ಟು ಮೌನ’ದಲ್ಲಿ ಅದು ಆಗುವುದಿಲ್ಲ.

ಇಲ್ಲಿ ಯಾರೂ ಯಾರ ಮಗನೆಂದು ಕೇಳುವುದಿಲ್ಲ, ವ್ಯಕ್ತಿಯನ್ನು ವ್ಯಕ್ತಿಯಾಗಿ ನೋಡುತ್ತೇವೆ ಎಂದು ನೀವು ಸ್ವಾಗತ ಸಮಾರಂಭದಲ್ಲಿ ಹೇಳಿದಿರಿ. ನಾನು ಕೈ ನೋಯುವಷ್ಟು ಚಪ್ಪಾಳೆ ತಟ್ಟಿದ್ದೆ. ನವೆಂಬರಿನಲ್ಲಿ ಹಳೆಯ ವಿದ್ಯಾರ್ಥಿಗಳ ಔತಣವಿತ್ತಲ್ಲ, ಆವತ್ತು ನಾನು ತಟ್ಟೆ ಹಿಡಿದು ಬಡಿಸುತ್ತಿದ್ದೆ. ನೀವು ನನ್ನಿಂದ ಚೀಸಿನ ತುಂಡೊಂದನ್ನು ತೆಗೆದುಕೊಂಡಿರಿ, ನೆನಪಿರಲಾರದು. ಎಳೆಯ ಹುಡುಗನೊಬ್ಬ ನಿಮ್ಮ ಕೈ ಕುಲುಕಿದ. ನೀವು ಅವನ ಕೊರಳ ಟೈಯ ಬಣ್ಣ ನೋಡಿ, “ನಿಮ್ಮ ತಂದೆ ಇಲ್ಲೇ ಓದಿದ್ದಲ್ವಾ? ಯಾವ ವರ್ಷ? ಓಹೋ, ನಿಮ್ಮ ತಾತನ ಹೆಸರೇ ಅಲ್ವಾ ಆ ಪ್ರಯೋಗಾಲಯಕ್ಕಿರೋದು! ಹಾಗಾದ್ರೆ ನೀವು ನಮ್ಮೋರೇ!” ಅಂದು ಅವನ ಬೆನ್ನು ತಟ್ಟಿದಿರಿ. ಕೈಯಿಂದ, ಕುರ್ಚಿಯಿಂದಲ್ಲ. ಅಪ್ಪನದು, ಅಜ್ಜನದು, ಎಲ್ಲ ಕ್ರಮವಾಗಿ ಕೇಳಿದಿರಿ. ಎಷ್ಟು ಚೆನ್ನಾಗಿ ಬೆಡಗು ಕೇಳುತ್ತೀರಿ ನೀವು! ನಮ್ಮಜ್ಜಿ ನೋಡಿದ್ದರೆ ಮೆಚ್ಚುತ್ತಿದ್ದಳು. ನಿಮ್ಮ ಬೆಡಗಿನವರಿಗೆ ದೀಪಗಳು ತೂಗುವ ಸಭಾಂಗಣವಿದೆ, ವರ್ಷಕ್ಕೊಂದು ಔತಣವಿದೆ, ಅದನ್ನು ಯಾವ ಕಾಯ್ದೆಯೂ ಕೆರೆದು ತೆಗೆಯಲಿಲ್ಲ. ನಾವು ಕೇಳಿದರೆ ಅದು ವಿಂಗಡಣೆ, ನೀವು ಕೇಳಿದರೆ ಸಂಪ್ರದಾಯವೇ?

ಕೊನೆಗೆ ನಾನು ಅರ್ನೆಸ್ಟೀನಳ ಗಾಜಿನ ಮುಂದೆ ಹೋಗಿ ನಿಂತು ಎಲ್ಲ ಹೇಳಿಬಿಟ್ಟೆ. ಹಿಂದೆ ಸಾಲಿನಲ್ಲಿದ್ದವರು ಗೊಣಗುತ್ತಿದ್ದರು. ಅವಳು ಮೊದಲು ನಕ್ಕಳು, ಕಣ್ಣೊರೆಸಿಕೊಂಡಳು. “ಅವನೂ ಕಹಿನೀರಾ? ಹಾಗಾದ್ರೆ ನಂಗೆ ಚಿಕ್ಕಪ್ಪ. ಆ ಚಿಕ್ಕಪ್ಪನ್ನ ಇಲ್ಲಿಗೆ ಕರೆಸೋದು ಹೇಗೆ ಗೊತ್ತಾ?” ಅಂದಳು. ಅವನ ಪಿಕಪ್ ಆ ವಾರ ಗೆರೆ ದಾಟಿ ನಿಂತಿತ್ತು. ನಿಜವಾಗಿಯೂ ದಾಟಿತ್ತು ಮಾನ್ಯರೇ, ನಾನೇ ಹೋಗಿ ನೋಡಿದ್ದೇನೆ, ದಯವಿಟ್ಟು ಅವಳಿಗೆ ತೊಂದರೆ ಕೊಡಬೇಡಿ. ಅವಳು ಕ್ರಮಬದ್ಧವಾಗಿ ದಂಡದ ಚೀಟಿ ಅಂಟಿಸಿದಳು. ಕಟ್ಟಲು ಬಂದಾಗ ಗಾಜಿನ ಮುಂದೆ ನಿಲ್ಲಿಸಿಕೊಂಡು, “ಚಿಕ್ಕಪ್ಪಾ, ಅತ್ತೆ ಅಲ್ಲಿ ಬೆಂಚಿನ ಮೇಲೆ ಕೂತವ್ಳೆ, ಹೋಗಿ ಮಾತಾಡ್ಸು” ಅನ್ನುವುದು ಅವಳ ಉಪಾಯ.

ನಾನು ವಾರವಿಡೀ ಪಾಠ ಮುಗಿಸಿ ಆ ಬೆಂಚಿನ ಮೇಲೆ ಕೂತೆ. ಗಾಜಿನ ಹಿಂದಿನಿಂದ ಅರ್ನೆಸ್ಟೀನ್ ಆಗಾಗ ತುಟಿ ಮುಂದೆ ಮಾಡಿ ಬಾಗಿಲು ತೋರಿಸುತ್ತಿದ್ದಳು, ಈಗ ಬಂದಾನು ನೋಡು ಎಂದು. ಶುಕ್ರವಾರ ಅವಳು ಕಂಪ್ಯೂಟರ್ ನೋಡಿ ತಲೆಯಾಡಿಸಿದಳು. ಅವನು ದಂಡವನ್ನು ಫೋನಿನಲ್ಲೇ ಕಟ್ಟಿಬಿಟ್ಟಿದ್ದ.

ಚಳಿಗಾಲದ ರಜೆ ಮುಗಿದ ಮೇಲೆ ವಾಪಸ್ ಬರುತ್ತೇನೋ ಇ‌ಲ್ಲವೋ ನನಗೆ ತಿಳಿಯದು. ಪೆಟ್ಟಿಗೆ ಅರ್ಧ ತುಂಬಿದೆ. ಅದಕ್ಕೇ ನನ್ನ ಬೇಡಿಕೆಯನ್ನು ಚಿಕ್ಕದಾಗಿಯೇ ಇಟ್ಟಿದ್ದೇನೆ. ಹಳೆಯ ಫಲಕ ಬೇಡ, ಪೋಸ್ಟರು ಬೇಡ, ಕುರ್ಚಿಯೂ ಅಲ್ಲೇ ಇರಲಿ. ಕಾಯ್ದೆಯಲ್ಲಿಲ್ಲದ ಆ ಒಂದು ಸಾಲನ್ನು ನಿಮ್ಮ ಸುತ್ತೋಲೆಯಿಂದ ತೆಗೆಯಿರಿ. ವಾರಕ್ಕೊಂದು ಸಂಜೆ ಮೂರನೇ ಮಹಡಿಗೆ ಒಂದು ಒಲೆಯನ್ನೂ ಅರ್ನೆಸ್ಟೀನಳನ್ನೂ ಬಿಡಿ. ಬಾಗಿಲು ತೆರೆದಿರಲಿ, ಕ್ಯಾಸಿಡಿ ಬರುತ್ತೇನೆಂದಿದ್ದಾಳೆ. ಅವಳನ್ನೂ ಯಾರ ಮಗಳೆಂದು ಕೇಳಬೇಕಾಗಿದೆ, ಇಲ್ಲಿಯವರೆಗೆ ಯಾರೂ ಕೇಳಿಲ್ಲವಂತೆ. ನೀವೂ ಬನ್ನಿ. ನಿಮ್ಮ ತಾಯಿ ಯಾವ ಕಡೆಯವರೆಂದು ಕೇಳುತ್ತೇವೆ, ಬೇಸರ ಮಾಡಿಕೊಳ್ಳಬಾರದು.

ಹಾಗೆ ಆಗುವ ತನಕ, ವಿದ್ಯಾರ್ಥಿಗಳ ಪತ್ರಿಕೆಯ ಪುಟದಲ್ಲಿ ಬೆಡಗು ಹೇಳಬಾರದೆಂದು ನಿಮ್ಮ ಯಾವ ಸುತ್ತೋಲೆಯೂ ಹೇಳಿಲ್ಲವಾದ್ದರಿಂದ, ಮೊದಲ ದಿನ ಗ್ರಂಥಾಲಯದ ದಾರಿಯಲ್ಲಿ ಹೇಳಬೇಕಿದ್ದನ್ನು ಇಲ್ಲಿ ಹೇಳುತ್ತಿದ್ದೇನೆ. ಓದಬೇಕಾದವರು ಓದಲಿ.

ಇಂತಿ,
ಕಹಿನೀರಿನವರ ಮಗಳು,
ಉಪ್ಪಿನವರಿಗೆ ಹುಟ್ಟಿದವಳು,
ತಾಯಿಯ ತಂದೆ ಹೊಳೆ ಕೂಡಿದವರು, ತಂದೆಯ ತಂದೆ ಕೆಂಪುಮಣ್ಣಿನವರು,
ವರ್ಲೀನಾ ಪೆಶ್ಲಕಾಯ್, ಮೊದಲ ವರ್ಷ,
ವಾಹನ ನಿಲುಗಡೆ ಕಚೇರಿಯ ಬೆಂಚಿನಲ್ಲಿ ಕೂತಿರುವ, ಒಬ್ಬ ಅಣ್ಣನ ತಂಗಿ